ಲೆಟ್ರೊಜೋಲ್ ಮಾತ್ರೆಯೋ, ಅತ್ತೆ ತರಿಸಿದ ಪುಡಿಯೋ?

ಪ್ರಶ್ನೆ: ನನಗೆ 29 ವರ್ಷ. ದಾವಣಗೆರೆ ಹತ್ತಿರದ ಊರು. ಮದುವೆಯಾಗಿ ಮೂರು ವರ್ಷ ಆಯಿತು. ಎರಡು ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದೇವೆ. ಪೀರಿಯಡ್ಸ್ ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಬರುತ್ತದೆ. ಸ್ಕ್ಯಾನ್ ಮಾಡಿ ಪಿಸಿಓಡಿ ಅಂದರು. ಥೈರಾಯ್ಡ್‌ಗೆ 50ರ ಮಾತ್ರೆ ತೆಗೆದುಕೊಳ್ಳುತ್ತೇನೆ. ಎತ್ತರ ಐದಡಿ ಎರಡಿಂಚು, ತೂಕ 71 ಕೆಜಿ. ಡಾಕ್ಟರ್ ಲೆಟ್ರೊಜೋಲ್ 2.5 ಮಾತ್ರೆ ಐದು ದಿನಕ್ಕೆ ಬರೆದಿದ್ದಾರೆ. ಮನೆಗೆ ತಂದು ಮೊಬೈಲಿನಲ್ಲಿ ಹುಡುಕಿದರೆ ಅದು ಸ್ತನ ಕ್ಯಾನ್ಸರಿನ ಮಾತ್ರೆ ಅಂತ ಬಂತು. ನಮ್ಮ ದೇಶದಲ್ಲಿ ಒಮ್ಮೆ ನಿಷೇಧ ಆಗಿತ್ತು ಅಂತಲೂ ಇತ್ತು. ಕೈಕಾಲು ತಣ್ಣಗಾಯಿತು. ಅತ್ತೆ ಆನ್‌ಲೈನಿನಲ್ಲಿ ಒಂದು ಪುಡಿ ತರಿಸಿದ್ದಾರೆ. ತಿಂಗಳಿಗೆ ಒಂದು ಡಬ್ಬಿ, 2,400 ರೂಪಾಯಿ. ಶತಾವರಿ, ಅಶೋಕ, ಲೋಧ್ರ, ಅಶ್ವಗಂಧ, ಶಿವಲಿಂಗಿ ಬೀಜ ಅಂತ ಬರೆದಿದೆ. ನೂರಕ್ಕೆ ನೂರು ನೈಸರ್ಗಿಕ, ಅಡ್ಡ ಪರಿಣಾಮ ಇಲ್ಲ ಅಂತಲೂ ಇದೆ. ಅವರಿಗೆ ಬೇಜಾರಾಗಬಾರದು ಅಂತ ಮೂರು ವಾರದಿಂದ ಹಾಲಿನಲ್ಲಿ ಹಾಕಿ ಕುಡಿಯುತ್ತಿದ್ದೇನೆ. ಯಾವುದು ಒಳ್ಳೆಯದು? ಎರಡೂ ಒಟ್ಟಿಗೆ ತೆಗೆದುಕೊಂಡರೆ ಬೇಗ ಆಗುತ್ತದಾ? ನಮ್ಮವರಿಗೆ ಇನ್ನೂ ಯಾವ ಟೆಸ್ಟೂ ಮಾಡಿಸಿಲ್ಲ, ಅವರು ಆರೋಗ್ಯವಾಗಿದ್ದಾರೆ.

ಉತ್ತರ:

ಮಾತ್ರೆ ಕೈಯಲ್ಲಿ ಹಿಡಿದುಕೊಂಡು ಮೊಬೈಲಿನಲ್ಲಿ 'ಕ್ಯಾನ್ಸರ್' ಅಂತ ಓದಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ನಿಮ್ಮ ಭಯದಲ್ಲಿ ತಪ್ಪೇನೂ ಇಲ್ಲ. ಈ ಮಾತ್ರೆ ಮೊದಲು ಯಾವುದಕ್ಕೆ ಬಂತು, ನಿಮಗೆ ಯಾಕೆ ಕೊಡುತ್ತಿದ್ದೇವೆ ಅಂತ ಚೀಟಿ ಬರೆಯುವಾಗಲೇ ಎರಡು ನಿಮಿಷ ಕೂತು ಹೇಳಬೇಕು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ನಾವು ವೈದ್ಯರು ಎಷ್ಟೋ ಸಲ ಆ ಮಾತನ್ನು ಬಿಟ್ಟುಬಿಡುತ್ತೇವೆ. ಅದನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಮೊದಲು ನೇರ ಉತ್ತರ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ಪುಡಿಯನ್ನು ಇವತ್ತೇ ನಿಲ್ಲಿಸಿ. ಮಾತ್ರೆ ನಿಮ್ಮ ತೊಂದರೆಗೆ ಸರಿಯಾದದ್ದೇ. ಆದರೆ ಅದನ್ನೂ ನಾಳೆಯೇ ಶುರು ಮಾಡಬೇಡಿ. ಅದಕ್ಕೆ ಮುಂಚೆ ನಿಮ್ಮ ಯಜಮಾನರ ಒಂದು ಪರೀಕ್ಷೆ ಆಗಬೇಕು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚುಚ್ಚಿದ್ದು ಕೊನೆಯ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಕ್ಯಾನ್ಸರ್ ಮಾತ್ರೆ ಅನ್ನುವುದು ನಿಜವಾ?

ನಿಜ. ಲೆಟ್ರೊಜೋಲ್ ಮೊದಲು ಬಂದದ್ದು ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿಗೆ. ಆದರೆ ಇದು ಕೂದಲು ಉದುರಿಸುವ ಕೀಮೋ ಔಷಧಿ ಅಲ್ಲ. ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನು ತಡೆಯುತ್ತದೆ, ಅಷ್ಟೇ. ಈಸ್ಟ್ರೋಜನ್ ಉಂಡು ಬೆಳೆಯುವ ಗಡ್ಡೆಗೆ ಅದು ಸಿಗದ ಹಾಗೆ ಮಾಡಲು ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೊಂದರಂತೆ ಸಾಮಾನ್ಯವಾಗಿ ಐದು ವರ್ಷ ಕೊಡುತ್ತಾರೆ. ಅಂದರೆ 1,800ಕ್ಕೂ ಜಾಸ್ತಿ ಮಾತ್ರೆ. ನಿಮಗೆ ಬರೆದಿರುವುದು ಐದು.

ಆ ಐದು ಮಾತ್ರೆ ಏನು ಮಾಡುತ್ತದೆ? ಮನೆ ಮೇಲಿನ ಟ್ಯಾಂಕಿನಲ್ಲಿ ನೀರು ಕಡಿಮೆಯಾದರೆ ಮೋಟಾರು ತಾನಾಗಿ ಆನ್ ಆಗುತ್ತದಲ್ಲ, ಹಾಗೆ. ಐದು ದಿನ ಈಸ್ಟ್ರೋಜನ್ ಕಡಿಮೆಯಾದಾಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ 'ಅಂಡಾಶಯ ಸುಮ್ಮನೆ ಕೂತಿದೆ' ಅಂತ ತಿಳಿದು ಎಫ್‌ಎಸ್‌ಎಚ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದರ ಬಲದಿಂದ ಒಂದು ಅಂಡಾಣುವಿನ ಚೀಲ ದೊಡ್ಡದಾಗುತ್ತದೆ. ಪಿಸಿಓಡಿಯಲ್ಲಿ ನಿಂತುಹೋಗಿರುವುದೇ ಈ ಕೆಲಸ. ಸ್ಕ್ಯಾನಿನಲ್ಲಿ ಕಾಣುವ 'ನೀರಿನ ಗುಳ್ಳೆ'ಗಳು ಗಡ್ಡೆಗಳಲ್ಲ. ಅವು ಬೆಳೆಯಲು ಹೊರಟು ಅರ್ಧ ದಾರಿಯಲ್ಲಿ ನಿಂತ ಅಂಡಾಣು ಚೀಲಗಳು. ಗೊಂಚಲು ತುಂಬ ಕಾಯಿ ಕಟ್ಟಿದೆ, ಒಂದೂ ಹಣ್ಣಾಗುತ್ತಿಲ್ಲ.

ಮಾತ್ರೆ ಮಗುವಿಗೆ ತಾಗುತ್ತದಾ ಅನ್ನುವ ಭಯ ಇದಕ್ಕಿಂತ ದೊಡ್ಡದು. ಲೆಟ್ರೊಜೋಲ್ ಸುಮಾರು ಎರಡು ದಿನಕ್ಕೊಮ್ಮೆ ಮೈಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಪೀರಿಯಡ್ಸಿನ ಎರಡನೆಯ ಅಥವಾ ಮೂರನೆಯ ದಿನ ಶುರು ಮಾಡಿ ಏಳನೆಯ ದಿನದೊಳಗೆ ಮುಗಿಸುತ್ತೀರಿ. ಅಂಡಾಣು ಬಿಡುಗಡೆಯಾಗುವುದು ಅದಾದ ಒಂದು ವಾರದ ಮೇಲೆ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಇನ್ನೂ ಒಂದು ವಾರಕ್ಕೆ. ಅಷ್ಟರಲ್ಲಿ ಮಾತ್ರೆ ಮೈಯಿಂದ ಹೆಚ್ಚು ಕಡಿಮೆ ಪೂರ್ತಿ ಹೊರಗೆ ಹೋಗಿರುತ್ತದೆ.

ನಿಷೇಧದ ವಿಷಯವೂ ಸುಳ್ಳಲ್ಲ. 2005ರಲ್ಲಿ ಒಂದು ವೈದ್ಯರ ಸಮ್ಮೇಳನದಲ್ಲಿ, ಈ ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ಹುಟ್ಟು ದೋಷ ಜಾಸ್ತಿ ಇರಬಹುದು ಅಂತ ಸಣ್ಣ ವರದಿಯೊಂದು ಬಂತು. ಎಲ್ಲರೂ ಹೆದರಿದರು. ಮರುವರ್ಷವೇ ಕೆನಡಾದಲ್ಲಿ 911 ಮಕ್ಕಳ ಲೆಕ್ಕ ತೆಗೆದು ನೋಡಿದಾಗ ಹಾಗೇನೂ ಕಾಣಲಿಲ್ಲ. ಆದರೂ 2011ರಲ್ಲಿ ನಮ್ಮ ಕೇಂದ್ರ ಸರ್ಕಾರ ಮಕ್ಕಳಾಗುವ ಚಿಕಿತ್ಸೆಗೆ ಲೆಟ್ರೊಜೋಲ್ ಬಳಸಬಾರದು ಅಂತ ಆದೇಶ ಹೊರಡಿಸಿತು. ಆಮೇಲೆ ಬಂದ ದೊಡ್ಡ ಅಧ್ಯಯನಗಳೆಲ್ಲ ಭಯಕ್ಕೆ ಕಾರಣ ಇಲ್ಲ ಅಂದವು. 2017ರಲ್ಲಿ ನಿಷೇಧ ತೆಗೆದರು. ನೀವು ಓದಿದ್ದು ಹಳೆಯ ಸುದ್ದಿ. 2023ರ ಅಂತರರಾಷ್ಟ್ರೀಯ ಪಿಸಿಓಎಸ್ (ಪಿಸಿಓಡಿಯ ಇನ್ನೊಂದು ಹೆಸರು) ಮಾರ್ಗಸೂಚಿಯಲ್ಲಿ, ಬೇರೆ ತೊಂದರೆ ಇಲ್ಲದ ಪಿಸಿಓಎಸ್ ಹೆಂಗಸರಿಗೆ ಅಂಡಾಣು ಬೆಳೆಸಲು ಮೊದಲು ಕೊಡಬೇಕಾದ ಮಾತ್ರೆ ಇದೇ.

ಎಷ್ಟು ಜನಕ್ಕೆ ಫಲ ಸಿಗುತ್ತದೆ?

ಇಲ್ಲಿ ನಿಮಗೆ ಆಸೆ ಜಾಸ್ತಿ ತೋರಿಸಲಾರೆ. 2014ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಪಿಸಿಓಎಸ್ ಇದ್ದ 750 ಹೆಂಗಸರಲ್ಲಿ ಅರ್ಧ ಜನಕ್ಕೆ ಲೆಟ್ರೊಜೋಲ್, ಅರ್ಧ ಜನಕ್ಕೆ ಅಂಡಾಣು ಬೆಳೆಸುವ ಹಳೆಯ ಮಾತ್ರೆ ಕ್ಲೋಮಿಫೀನ್. ಐದು ತಿಂಗಳ ಕೋರ್ಸಿನವರೆಗೆ ನೋಡಿದರು. ಲೆಟ್ರೊಜೋಲ್ ಕಡೆ ನೂರಕ್ಕೆ 27.5 ಜನ ಮಗು ಹೆತ್ತರು, ಕ್ಲೋಮಿಫೀನ್ ಕಡೆ 19.1. ಆ ಹೆಂಗಸರ ತೂಕ ನಿಮಗಿಂತ ತುಂಬಾ ಜಾಸ್ತಿ ಇತ್ತು. ನಿಮ್ಮ ವಯಸ್ಸು, ತೂಕ ನೋಡಿದರೆ ಇನ್ನೂ ಸ್ವಲ್ಪ ಒಳ್ಳೆಯ ಫಲ ನಿರೀಕ್ಷಿಸಬಹುದು. ಆದರೂ ಒಂದು ತಿಂಗಳು ಮಾತ್ರೆ ತಿಂದು 'ಆಗಲಿಲ್ಲ' ಅಂತ ಕೈಬಿಡುವ ಔಷಧಿ ಇದಲ್ಲ. ಮೂರು ನಾಲ್ಕು ತಿಂಗಳು ಸರಿಯಾಗಿ ಅಂಡಾಣು ಬಿಡುಗಡೆಯಾಗಬೇಕು. ಆರು ತಿಂಗಳು ಆದರೂ ಆಗದಿದ್ದರೆ ಅದೇ ಚೀಟಿಯನ್ನು ಮುಂದುವರಿಸದೆ ಮತ್ತೆ ಮೊದಲಿನಿಂದ ಯೋಚಿಸಬೇಕು.

ತೊಂದರೆಗಳೂ ಇವೆ. ಸುಸ್ತು, ತಲೆನೋವು, ತಲೆಸುತ್ತು, ಒಮ್ಮೊಮ್ಮೆ ಮೈ ಬಿಸಿಯಾಗುವುದು. ಅವಳಿ ಮಕ್ಕಳ ಸಾಧ್ಯತೆ ನೂರಕ್ಕೆ ಮೂರರಷ್ಟು. ಕ್ಲೋಮಿಫೀನಿನಲ್ಲಿ ಅದು ಏಳರ ಹತ್ತಿರ. ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಮಾತ್ರೆಯಲ್ಲಿ ಬಹಳ ಅಪರೂಪ, ಇಂಜೆಕ್ಷನ್‌ಗಳಲ್ಲಿ ಜಾಸ್ತಿ. ಅದಕ್ಕೇ 'ಫಾಲಿಕ್ಯುಲರ್ ಸ್ಟಡಿ' ಅಂತ ಹತ್ತು ಹನ್ನೆರಡನೆಯ ದಿನದಿಂದ ಸ್ಕ್ಯಾನ್ ಮಾಡುತ್ತೇವೆ. ಒಂದು ಚೀಲ 18ರಿಂದ 20 ಮಿಲಿಮೀಟರ್ ಆಯಿತಾ, ಅಥವಾ ಮೂರು ನಾಲ್ಕು ಒಟ್ಟಿಗೆ ಬೆಳೆಯುತ್ತಿದೆಯಾ ಅಂತ ನೋಡಲು. ಜಾಸ್ತಿ ಬೆಳೆದಿದ್ದರೆ ಆ ತಿಂಗಳು ಸೇರಬೇಡಿ ಅಂತ ಹೇಳಿಬಿಡುತ್ತೇವೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ಈ ಮಾತ್ರೆಯನ್ನೇ ಜನ ಅಂಗಡಿ ಸಾಮಾನಿನ ಹಾಗೆ ಬಳಸುತ್ತಾರೆ. ಅಕ್ಕನಿಗೆ ಬರೆದ ಚೀಟಿ ತೋರಿಸಿ ತಂಗಿ ತೆಗೆದುಕೊಳ್ಳುತ್ತಾಳೆ. ಹಾಗೆ ಬಂದ ಒಬ್ಬರು ನನಗೆ ಚೆನ್ನಾಗಿ ನೆನಪಿದ್ದಾರೆ. ಎರಡು ತಿಂಗಳಿಂದ ಪೀರಿಯಡ್ಸ್ ಬಂದಿಲ್ಲ, ಯಾವಾಗಲೂ ಹೀಗೇ ಅಂದುಕೊಂಡು, ಮನೆಯಲ್ಲಿ ಉಳಿದಿದ್ದ ಸ್ಟ್ರಿಪ್‌ನಿಂದ ಐದು ಮಾತ್ರೆ ನುಂಗಿದ್ದರು. ಸ್ಕ್ಯಾನ್ ಹಚ್ಚಿದರೆ ಏಳು ವಾರದ ಗರ್ಭ, ಹೃದಯ ಬಡಿಯುತ್ತಿತ್ತು. ಮಗು ಚೆನ್ನಾಗಿ ಹುಟ್ಟಿತು. ಆದರೆ ಆ ತಾಯಿ ಹೆರಿಗೆಯ ದಿನದವರೆಗೂ ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ. ಬಸುರಿಯಾದ ಮೇಲೆ ಈ ಮಾತ್ರೆ ಖಂಡಿತ ತೆಗೆದುಕೊಳ್ಳಬಾರದು. ಪೀರಿಯಡ್ಸ್ ಏರುಪೇರಾಗುವ ನಿಮ್ಮಂಥವರು ಪ್ರತಿ ಸಲ ಶುರು ಮಾಡುವ ಮುಂಚೆ ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ. ಪೀರಿಯಡ್ಸ್ ಬರಿಸುವ ಮಾತ್ರೆ ಕೊಟ್ಟಿದ್ದರೆ ಅದಕ್ಕೂ ಮುಂಚೆ.

ಈಗ ಪುಡಿ

ಆಯುರ್ವೇದದ ಮೇಲೆ ನನಗೆ ಸಿಟ್ಟಿಲ್ಲ. ನಾಡಿ ನೋಡಿ, ಕೂರಿಸಿ ಮಾತಾಡಿಸಿ, ಓದಿದ ವೈದ್ಯರು ಕೊಡುವ ಮದ್ದು ಒಂದು. ನಿಮ್ಮ ಮುಖವನ್ನೇ ನೋಡದ ಕಂಪನಿ ಕೊರಿಯರಿನಲ್ಲಿ ಕಳಿಸುವ ಡಬ್ಬಿ ಇನ್ನೊಂದು. ನಾನು ಮಾತಾಡುತ್ತಿರುವುದು ಎರಡನೆಯದರ ಬಗ್ಗೆ.

ಶತಾವರಿಗೆ ನಮ್ಮ ಕಡೆ 'ಹಲವು ಮಕ್ಕಳ ತಾಯಿ ಬೇರು' ಅಂತಲೇ ಹೆಸರು. ಗಿಡ ಕಿತ್ತರೆ ಬುಡದಲ್ಲಿ ಬೆರಳಿನ ಹಾಗೆ ಹತ್ತಾರು ಗೆಡ್ಡೆ ಜೋತು ಬೀಳುತ್ತವೆ. ಅದನ್ನು ನೋಡಿ ಇಟ್ಟ ಹೆಸರಿರಬೇಕು. ಹೆಸರು ಕೇಳಿದರೇ ನಂಬಿಕೆ ಬರುತ್ತದೆ, ಅಲ್ವಾ? ಬಾಣಂತಿಯರಿಗೆ ಹಾಲು ಜಾಸ್ತಿಯಾಗಲಿ ಅಂತ ಕೊಡುವುದು ಹಳೆಯ ರೂಢಿ. ಆದರೆ ಶತಾವರಿ ತಿಂದ ಪಿಸಿಓಡಿ ಹೆಂಗಸರಲ್ಲಿ ಜಾಸ್ತಿ ಜನಕ್ಕೆ ಮಗುವಾಯಿತು ಅಂತ ತೋರಿಸುವ, ಲೆಟ್ರೊಜೋಲಿಗೆ ಆದಂಥ ದೊಡ್ಡ ಅಧ್ಯಯನ ಇಲ್ಲ. ಇಲಿಗಳ ಮೇಲೆ ನಡೆದದ್ದನ್ನು ಡಬ್ಬಿ ಮೇಲೆ 'ವೈಜ್ಞಾನಿಕವಾಗಿ ಸಾಬೀತು' ಅಂತ ಹಾಕುತ್ತಾರೆ.

ಅಶೋಕದ ಕಥೆ ಇನ್ನೊಂದು. ಮದ್ದಿನ ಅಶೋಕ ಅಂದರೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ, ಕೇಸರಿ ಕೆಂಪು ಹೂವಿನ ಮರ. ಕಡಿದು ಕಡಿದು ಅದೀಗ ಅಪರೂಪವಾಗಿದೆ. ಶಾಲೆ ಕಾಂಪೌಂಡಿನಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರವನ್ನೂ ಜನ ಅಶೋಕ ಅನ್ನುತ್ತಾರೆ. ಅದು ಬೇರೆಯದೇ ಮರ. ಅದರ ತೊಗಟೆಯನ್ನು ಇದರ ಹೆಸರಿನಲ್ಲಿ ಮಾರುವುದು ಗಿಡಮೂಲಿಕೆ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಪುಡಿಯಾದ ಮೇಲೆ ಯಾವ ಮರದ್ದು ಅಂತ ಕಣ್ಣಿನಿಂದ ಹೇಳಲು ಯಾರಿಗೂ ಆಗುವುದಿಲ್ಲ. ಲೋಧ್ರದ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಅದಕ್ಕೂ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಕಡಿಮೆ.

ಅಶ್ವಗಂಧದ ವಿಷಯದಲ್ಲಿ ಮಾತ್ರ ನಿಮ್ಮನ್ನು ಗಟ್ಟಿಯಾಗಿ ತಡೆಯುತ್ತೇನೆ. ಎರಡು ಕಾರಣ. ಒಂದು, ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ನೀವು ಆಗಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಮುಂದಿನ ಸಲ ಥೈರಾಯ್ಡ್ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಏರುಪೇರಾದರೆ ಮಾತ್ರೆಯಿಂದ ಆಯಿತೋ, ಪುಡಿಯಿಂದ ಆಯಿತೋ ನಿಮ್ಮ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಎರಡು, ಅಶ್ವಗಂಧ ತಿಂದು ಕಾಮಾಲೆಯಾದವರ ವರದಿಗಳು ಹೊರದೇಶದಿಂದಲೂ ಬಂದಿವೆ, ನಮ್ಮ ದೇಶದ ಲಿವರ್ ತಜ್ಞರೂ ಬರೆದಿದ್ದಾರೆ. ಡೆನ್ಮಾರ್ಕ್ 2023ರಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು. ತಿಂದವರಿಗೆಲ್ಲ ಹೀಗಾಗುತ್ತದೆ ಅಂತಲ್ಲ, ಕೆಲವರಿಗೆ ಮಾತ್ರ. ಆದರೆ ಬಸಿರಿನಲ್ಲಿ ಅಶ್ವಗಂಧ ಬೇಡ ಅನ್ನುವುದರಲ್ಲಿ ಎರಡು ಮಾತಿಲ್ಲ. ಬಸಿರಾಗಲು ಪ್ರಯತ್ನ ಪಡುವವರು ತಾವು ಬಸುರಿ ಅಂತ ತಿಳಿಯುವ ಮುಂಚೆಯೇ ಎರಡು ಮೂರು ವಾರ ಬಸುರಿಯಾಗಿರುತ್ತಾರೆ. ನಿಮಗೆ ಪೀರಿಯಡ್ಸ್ ತಡ, ಹಾಗಾಗಿ ಇನ್ನೂ ಜಾಸ್ತಿ ದಿನ.

ಶಿವಲಿಂಗಿ ಬೀಜವನ್ನು ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಹರಿಯಾಣದ ಕಡೆ ಗಂಡು ಮಗುವಾಗಲಿ ಅಂತ ಬಸುರಿಯರಿಗೆ ಕೊಡುವ ಮದ್ದುಗಳಲ್ಲಿ ಇದು ಇರುತ್ತದೆ. ಅಂಥ ಮದ್ದು ತಿಂದ ತಾಯಂದಿರ ಮಕ್ಕಳಲ್ಲಿ ಹುಟ್ಟು ದೋಷ ಜಾಸ್ತಿ ಕಂಡಿದೆ ಅಂತ ಅಲ್ಲಿ ನಡೆದ ಅಧ್ಯಯನಗಳು ಹೇಳಿವೆ. ತಪ್ಪು ಆ ಬೀಜದ್ದೋ, ಜೊತೆಗೆ ಸೇರಿಸಿದ ಬೇರೆಯದರದ್ದೋ ಅಂತ ವಾದ ಮಾಡಬಹುದು. ನನ್ನ ಮಗಳಾಗಿದ್ದರೆ ಆ ವಾದ ಮುಗಿಯುವ ತನಕ ನಾನು ಕಾಯುತ್ತಿರಲಿಲ್ಲ, ಡಬ್ಬಿ ಕಿತ್ತುಕೊಳ್ಳುತ್ತಿದ್ದೆ.

ಇದಕ್ಕೆ ಮೇಲೆ ಇನ್ನೊಂದು. ಡಬ್ಬಿಯನ್ನು ಕೈಯಲ್ಲಿ ಹಿಡಿದು ಹಿಂಬದಿ ಓದಿ. ಯಾವ ಬೇರು ಎಷ್ಟು ಗ್ರಾಂ ಅಂತ ಬರೆದಿದೆಯಾ? ತಯಾರಿಸಿದವರ ಪೂರ್ತಿ ವಿಳಾಸ, ಆಯುರ್ವೇದ ಔಷಧಿಯ ಲೈಸೆನ್ಸ್ ನಂಬರ್ ಇದೆಯಾ? ಅದರ ಬದಲು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇದ್ದರೆ, ಕಾನೂನಿನ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, ಆಹಾರ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಔಷಧಿಯಾಗಿ ಬಳಸುವುದಕ್ಕಲ್ಲ' ಅಂತಲೂ ಇರಬಹುದು. 'ಫರ್ಟಿಲಿಟಿ ಸಪೋರ್ಟ್' ಅಂತ ಸುತ್ತಿ ಬಳಸಿ ಬರೆಯುವುದಕ್ಕೂ ಕಾರಣ ಇದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಹೆಂಗಸರಿಗೆ ಮಕ್ಕಳಾಗದಿರುವ ತೊಂದರೆಯೂ ಇದೆ. ಅದನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವುದೇ ಅಪರಾಧ. ನಿಮ್ಮ ಅತ್ತೆ ನೋಡಿದ ಜಾಹೀರಾತು ಎಷ್ಟು ಹೇಳಿತ್ತು, ಡಬ್ಬಿ ಎಷ್ಟು ಹೇಳುತ್ತದೆ, ಹೋಲಿಸಿ ನೋಡಿ.

ಸೀಸ, ಪಾದರಸದ ಮಾತನ್ನೂ ಹೇಳಲೇಬೇಕು. 2003ರಲ್ಲಿ ಅಮೆರಿಕದ ಬೋಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ 70 ಆಯುರ್ವೇದ ಮದ್ದುಗಳನ್ನು ಕೊಂಡು ಪರೀಕ್ಷೆ ಮಾಡಿದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. 2011-12ರಲ್ಲಿ ನ್ಯೂಯಾರ್ಕಿನಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸ ಏರಿತ್ತು. ಆರೂ ಜನ ಭಾರತದಿಂದ ಹೋದ ಇಂಥ ಮದ್ದು ತಿಂದವರು. ಸೀಸ ಮೂಳೆಯಲ್ಲಿ ಕೂತುಕೊಳ್ಳುತ್ತದೆ. ಬಸಿರಿನಲ್ಲಿ ಮೂಳೆ ಕರಗಿ ಕ್ಯಾಲ್ಸಿಯಂ ಮಗುವಿಗೆ ಹೋಗುವಾಗ ಅದರ ಜೊತೆ ಸೀಸವೂ ಹೋಗುತ್ತದೆ. ನಿಮ್ಮ ಡಬ್ಬಿಯಲ್ಲಿ ಇದೆ ಅಂತ ನಾನು ಹೇಳುತ್ತಿಲ್ಲ. ಇಲ್ಲ ಅಂತ ಹೇಳುವವರೂ ಯಾರೂ ಇಲ್ಲ, ಅದೇ ತೊಂದರೆ. ಲೆಟ್ರೊಜೋಲಿನ ಕೆಡುಕು ಬರೆದಿಟ್ಟಿದೆ, ಆ ಕೆಡುಕಿಗೆ ತಕ್ಕ ಸ್ಕ್ಯಾನೂ ಇದೆ. ಪುಡಿಯ ಕೆಡುಕಿನ ಜಾಗ ಖಾಲಿ ಬಿಟ್ಟಿದ್ದಾರೆ. ಆ ಖಾಲಿ ಜಾಗವನ್ನೇ 'ಅಡ್ಡ ಪರಿಣಾಮ ಇಲ್ಲ' ಅಂತ ಓದಿಸುತ್ತಾರೆ.

ಹಾಗಾದರೆ ಕುಡಿದು ಮಕ್ಕಳಾದವರು?

'ನಮ್ಮ ಪಕ್ಕದ ಮನೆಯವಳಿಗೆ ಎರಡೇ ತಿಂಗಳಿಗೆ ಆಯಿತು' ಅನ್ನುವ ಮಾತು ಸುಳ್ಳಿರಲಾರದು. ಒಂದು ಲೆಕ್ಕ ಹೇಳುತ್ತೇನೆ. ನಿಯಮಿತವಾಗಿ ಸೇರುವ ನೂರು ಜೋಡಿಗಳಲ್ಲಿ ಮೊದಲ ವರ್ಷದಲ್ಲೇ ಸುಮಾರು 84 ಜೋಡಿಗೆ ಬಸಿರು ನಿಲ್ಲುತ್ತದೆ. ಉಳಿದ 16ರಲ್ಲಿ ಅರ್ಧದಷ್ಟು ಜೋಡಿಗೆ ಎರಡನೆಯ ವರ್ಷದಲ್ಲಿ ತಾನಾಗಿಯೇ ಆಗುತ್ತದೆ. ಜನ ಪುಡಿ, ಕಷಾಯ, ಹರಕೆ ಅಂತ ಹುಡುಕಲು ಹೊರಡುವುದು ಸರಿಯಾಗಿ ಈ ಎರಡನೆಯ ವರ್ಷದಲ್ಲಿ. ಆಗ ಏನು ಕೊಟ್ಟರೂ ಕೆಲವರಿಗೆ ಬಸಿರಾಗುತ್ತದೆ, ಹೆಸರು ಪುಡಿಗೆ ಹೋಗುತ್ತದೆ. ಪಿಸಿಓಡಿಯವರಲ್ಲೂ ಎಷ್ಟೋ ಜನಕ್ಕೆ ಅಂಡಾಣು ಪೂರ್ತಿ ನಿಂತಿರುವುದಿಲ್ಲ, ಆಗೊಮ್ಮೆ ಈಗೊಮ್ಮೆ ಬರುತ್ತದೆ. ಪುಡಿ ಕುಡಿದೂ ಆಗದೆ ಹೋದವರು ರಿವ್ಯೂ ಬರೆಯುವುದಿಲ್ಲ. ಅವರು ನಮ್ಮ ಹತ್ತಿರ ಬರುತ್ತಾರೆ.

ಔಷಧಿ ಬದಲು ಅಂಗಡಿಯಲ್ಲಿ ಸಿಗುವುದೆಲ್ಲ ದಂಡ ಅಂತಲೂ ನಾನು ಹೇಳುವುದಿಲ್ಲ. ಫೋಲಿಕ್ ಆಸಿಡ್ ತುಂಬಾ ಅಗ್ಗದ ಮಾತ್ರೆ. ದಿನಕ್ಕೆ 400 ಮೈಕ್ರೊಗ್ರಾಂ ಸಾಕು. ಮಗುವಿನ ಬೆನ್ನುಹುರಿ, ಮೆದುಳಿನ ದೋಷವನ್ನು ತಡೆಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಬಸಿರಾಗುವ ಮುಂಚೆಯೇ ಶುರು ಮಾಡಬೇಕು. ಇದನ್ನು ನಾಳೆಯಿಂದಲೇ ತೆಗೆದುಕೊಳ್ಳಿ. ಪಿಸಿಓಡಿಗೆ ಬರೆಯುವ ಮಯೋ ಇನೊಸಿಟಾಲ್ ಸ್ಯಾಶೆ ಪೀರಿಯಡ್ಸ್ ಸರಿಮಾಡಲು ಕೆಲವರಿಗೆ ನೆರವಾಗುತ್ತದೆ. ಮಗುವಾಗಲು ಎಷ್ಟು ಸಹಾಯ ಅನ್ನುವುದಕ್ಕೆ ಪುರಾವೆ ತೆಳು, ಕೆಡುಕು ಕಡಿಮೆ. ಖರ್ಚು ತಡೆದುಕೊಳ್ಳುವವರಿಗೆ ನಾನು ಬೇಡ ಅನ್ನುವುದಿಲ್ಲ. ಇನ್ನು ಕೂದಲು, ಚರ್ಮ, ಫರ್ಟಿಲಿಟಿ ಎಲ್ಲಕ್ಕೂ ಒಂದೇ ಅನ್ನುವ ಗುಳಿಗೆಗಳಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಜಾಸ್ತಿ ಇರುತ್ತದೆ. ಅದು ಥೈರಾಯ್ಡ್ ಮತ್ತು ಬೇರೆ ಹಾರ್ಮೋನ್ ಟೆಸ್ಟ್‌ಗಳಲ್ಲಿ ತಪ್ಪು ರಿಪೋರ್ಟ್ ಬರಿಸುತ್ತದೆ. ಅಂಥದ್ದು ತಿನ್ನುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

'ಅವರು ಆರೋಗ್ಯವಾಗಿದ್ದಾರೆ'

ಈಗ ಆ ಕೊನೆಯ ಸಾಲು. ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಬಂದಿದ್ದರು. ಬಟ್ಟೆ ಚೀಲದಿಂದ ಖಾಲಿ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಹದಿನಾಲ್ಕು ಡಬ್ಬಿ. ಹದಿನಾಲ್ಕು ತಿಂಗಳು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಕುಡಿದಿದ್ದರು. ಪೀರಿಯಡ್ಸ್ ಗಡಿಯಾರದ ಹಾಗೆ ಬರುತ್ತಿತ್ತು, ಸ್ಕ್ಯಾನ್ ಚೆನ್ನಾಗಿತ್ತು. ಯಜಮಾನರು ಹೊರಗೆ ಬೈಕ್ ಹತ್ತಿರ ನಿಂತಿದ್ದರು. ಕರೆಸಿ ವೀರ್ಯ ಪರೀಕ್ಷೆ ಮಾಡಿಸಿದೆವು, ಎರಡು ಸಲ. ಒಂದೂ ವೀರ್ಯಾಣು ಇರಲಿಲ್ಲ. ಆ ಹೆಣ್ಣುಮಗಳು ಗಂಡನನ್ನು ಬೈಯಲಿಲ್ಲ. ಮೇಜಿನ ಮೇಲಿದ್ದ ಡಬ್ಬಿಗಳನ್ನು ನೋಡಿ 'ಹಂಗಾದ್ರೆ ನಾನ್ಯಾಕೆ ಕುಡಿದೆ ಮೇಡಂ?' ಅಂದರು. ಅವರಿಗೆ ಆಗ 34 ವರ್ಷ. ಪುಡಿ ಲಿವರನ್ನು ಕೆಡಿಸಲಿಲ್ಲ, ಸೀಸವೂ ಇರಲಿಲ್ಲವೇನೋ. ಆದರೆ ಹದಿನಾಲ್ಕು ತಿಂಗಳು ಹೋಯಿತು. 35ರ ಆಸುಪಾಸಿನಲ್ಲಿ ಹದಿನಾಲ್ಕು ತಿಂಗಳು ಸಣ್ಣದಲ್ಲ.

ಮಕ್ಕಳಾಗುವುದು ತಡವಾದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಇರುತ್ತದೆ, ಒಂದೇ ಆಗಿಯೋ ಜೊತೆಗೂಡಿಯೋ. ಗಟ್ಟಿಮುಟ್ಟಾಗಿರುವುದಕ್ಕೂ ವೀರ್ಯಾಣುವಿನ ಲೆಕ್ಕಕ್ಕೂ ಸಂಬಂಧವಿಲ್ಲ. ಜಿಮ್ಮಿನಲ್ಲಿ ಯಾರೋ ಕೊಟ್ಟ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಹಾಕಿಸಿಕೊಂಡವರಿಗೆ ಮೈ ಕಟ್ಟಾಗುತ್ತದೆ, ವೀರ್ಯಾಣು ಸೊನ್ನೆಗೆ ಇಳಿಯುತ್ತದೆ. ಗುಟ್ಕಾ, ಸಿಗರೇಟು ಕೂಡ ಕೆಡಿಸುತ್ತವೆ. ಪರೀಕ್ಷೆ ಕಷ್ಟದ್ದಲ್ಲ. ಎರಡರಿಂದ ಏಳು ದಿನ ಸೇರದೆ ಇದ್ದು ಲ್ಯಾಬಿನಲ್ಲಿ ಸ್ಯಾಂಪಲ್ ಕೊಡಬೇಕು. ಮನೆಯಿಂದ ಒಯ್ಯುವುದಾದರೆ ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಮಿಲಿಲೀಟರಿಗೆ 16 ಮಿಲಿಯನ್, ಅಂದರೆ 1.6 ಕೋಟಿಗಿಂತ ಕಡಿಮೆ ಬಂದರೆ ಗಾಬರಿ ಬೇಡ, ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ನಡುವೆ ಒಂದು ಜ್ವರ ಬಂದಿದ್ದರೂ ಲೆಕ್ಕ ಇಳಿದಿರುತ್ತದೆ. ಗಂಡಸರಿಗೆ ಅಂತ ಮಾರುವ ಸತು ಮತ್ತು ಫೋಲಿಕ್ ಆಸಿಡ್ ಗುಳಿಗೆಯನ್ನು ಅಮೆರಿಕದಲ್ಲಿ 2,370 ಜೋಡಿಗಳಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಹೇಳಿದರು. ಮಕ್ಕಳಾಗುವುದರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ, ಹೊಟ್ಟೆ ಕೆಟ್ಟವರು ಮಾತ್ರ ಜಾಸ್ತಿ.

ನಿಮ್ಮ ಮುಂದಿರುವ ದಾರಿಗಳು

ಅವರ ರಿಪೋರ್ಟ್ ಸರಿಯಿದ್ದರೆ ಲೆಟ್ರೊಜೋಲ್ ಶುರು ಮಾಡಿ. ಗರ್ಭನಾಳ ತೆರೆದಿದೆಯಾ ಅಂತ ನೋಡುವ ಎಚ್‌ಎಸ್‌ಜಿ ಎಕ್ಸ್‌ರೇಯನ್ನು ಈಗಲೇ ಮಾಡಿಸಬೇಕಾ, ಎರಡು ಮೂರು ತಿಂಗಳು ನೋಡಿ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ನಿಮಗೆ ಅಥವಾ ಮನೆಯಲ್ಲಿ ಯಾರಿಗಾದರೂ ಹಿಂದೆ ಟಿಬಿ ಆಗಿದ್ದರೆ ಹೇಳಲೇಬೇಕು. ನಮ್ಮ ದೇಶದಲ್ಲಿ ನಾಳ ಮುಚ್ಚಿಹೋಗಲು ಅದೊಂದು ದೊಡ್ಡ ಕಾರಣ. ನಾಳ ಮುಚ್ಚಿದ್ದರೆ ಮಾತ್ರೆಯೂ ದಂಡ, ಪುಡಿಯೂ ದಂಡ.

ತೂಕದ ಬಗ್ಗೆ ಒಂದು ಮಾತು. ನಿಮ್ಮನ್ನು ಯಾರೂ ದಪ್ಪ ಅಂತ ಆಡಿಕೊಳ್ಳುವ ಹಾಗಿಲ್ಲ, ಆದರೂ ನಾಲ್ಕರಿಂದ ಏಳು ಕೆಜಿ ಇಳಿದರೆ ಕೆಲವರಿಗೆ ಮಾತ್ರೆ ಇಲ್ಲದೆಯೇ ಪೀರಿಯಡ್ಸ್ ಸಾಲಿಗೆ ಬರುತ್ತದೆ. ರಾತ್ರಿಯ ಅನ್ನ ಕಡಿಮೆ ಮಾಡಿ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಉಪವಾಸ ಬೇಡ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಸಕ್ಕರೆ ಅಂಶ ನೋಡಿ ಸೇರಿಸಬಹುದು, ಒಂದೇ ಆಗಿ ಅದರ ಬಲ ಸಾಲದು. 2007ರ ಒಂದು ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಮಾತ್ರ ತಿಂದವರಲ್ಲಿ ನೂರಕ್ಕೆ 7.2 ಜನಕ್ಕೆ ಮಗುವಾಯಿತು, ಕ್ಲೋಮಿಫೀನ್ ತಿಂದವರಲ್ಲಿ 22.5. ಇಂಜೆಕ್ಷನ್, ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವುದು), ಐವಿಎಫ್ (ಟೆಸ್ಟ್ ಟ್ಯೂಬ್ ಬೇಬಿ) ಎಲ್ಲ ಆಮೇಲಿನ ಮೆಟ್ಟಿಲು. ನಿಮ್ಮ ವಯಸ್ಸಿಗೆ ಈಗಲೇ ಅದರ ಚಿಂತೆ ಬೇಡ. ಮೊದಲ ಭೇಟಿಯಲ್ಲೇ ಯಾರಾದರೂ ಐವಿಎಫ್ ಪ್ಯಾಕೇಜ್ ತೋರಿಸಿದರೆ ಇನ್ನೊಬ್ಬರನ್ನು ಕೇಳಿ.

ಅತ್ತೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. 2,400 ರೂಪಾಯಿ ಕೊಟ್ಟು ತರಿಸಿದ್ದು ಪ್ರೀತಿಯಿಂದಲೇ. 'ಮಾತ್ರೆ ತೆಗೆದುಕೊಳ್ಳುವಾಗ ಬೇರೆ ಯಾವುದೂ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ ಅತ್ತೆ' ಅಂತ ಹೇಳಿ, ಬೈಗುಳ ನನಗಿರಲಿ. ಮಗನ ಪರೀಕ್ಷೆಯ ಮಾತನ್ನು ನೀವು ಎತ್ತಬೇಡಿ, ನಿಮ್ಮವರೇ ತಾಯಿಯ ಹತ್ತಿರ ಮಾತಾಡಲಿ.

ಡಾಕ್ಟರ್ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಚಮಚ, ಎಷ್ಟು ದಿನ ಅಂತ ಮುಚ್ಚಿಡದೆ ಹೇಳಿ. ಮೂರು ವಾರ ಕುಡಿದಿದ್ದೀರಿ, ಹಾಗಾಗಿ ಒಂದು ಲಿವರ್ ಟೆಸ್ಟ್ ಮತ್ತು ಟಿಎಸ್‌ಎಚ್ ಬರೆಸಿಕೊಳ್ಳಿ. ಅಷ್ಟರೊಳಗೆ ಮೂತ್ರ ಗಾಢ ಹಳದಿಯಾದರೆ, ಕಣ್ಣು ಹಳದಿಯಾದರೆ, ಮೈಯೆಲ್ಲ ತುರಿಸಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಹೋಗಿ ತೋರಿಸಿ.